ಕಿವಿಯಲ್ಲಿ ಸಿನಿಮಾ ನೋಡೋಳು

ನನ್ನ ಸೊಸೆ ಸಿನಿಮಾ ನೋಡೋದನ್ನ ನೀವು ಒಂದು ಸಲ ನೋಡ್ಬೇಕು. ಸೋಫಾದ ಮೂಲೇಲಿ ಕಾಲು ಮಡಚ್ಕೊಂಡು ಕೂತು, ಕಿವಿಗೆ ದಪ್ಪನೆಯ ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿಬಿಡ್ತಾಳೆ. ಎದುರಿಗೆ ಟಿವೀಲಿ ಪ್ಲಾಸ್ಟಿಕ್ ವೀರರು ಒಬ್ಬರ ಕೈ ಒಬ್ಬರು ಕಿತ್ತು ಬಿಸಾಕ್ತಾ ಇರ್ತಾರೆ, ಇವಳು ಮಾತ್ರ ಧ್ಯಾನಕ್ಕೆ ಕೂತ ಹಾಗೆ. ಮಧ್ಯ ಮಧ್ಯ ಹುಬ್ಬು ಗಂಟಿಕ್ತಾಳೆ. ಎಲ್ಲಾ ಮುಗಿದ ಮೇಲೆ ಹೆಡ್‌ಫೋನ್ ತೆಗೆದು "ಪಾಸ್" ಅಂತಾಳೆ, ಇಲ್ಲಾ "ಫೇಲ್" ಅಂತಾಳೆ. ಅಷ್ಟೇ. ಅವಳು ಹೇಳಿದ ಮೇಲೆ ನಮ್ಮ ಕಟ್ಟಡದಲ್ಲಿ ಅಪೀಲಿಲ್ಲ.

ಅವಳ ಕೆಲಸವೇ ಕಿವಿಯದ್ದು. ಆಸ್ಪತ್ರೇಲಿ ಯಾರಿಗೆ ಎಷ್ಟು ಕೇಳುತ್ತೆ ಅಂತ ಪರೀಕ್ಷೆ ಮಾಡ್ತಾಳೆ. ಗೋಡೆಗೆಲ್ಲಾ ಸ್ಪಂಜು ಹೊಡೆದ ಪುಟ್ಟ ಕೋಣೆ. ಒಳಗೆ ಪೇಶೆಂಟು, ಗಾಜಿನ ಆಚೆ ಇವಳು. ಇವಳು ಬಟನ್ ಒತ್ತಿದಾಗ ಒಳಗಿರೋರ ಕಿವೀಲಿ 'ಬೀಪ್' ಅನ್ನುತ್ತೆ. ದೊಡ್ಡೋರಾದ್ರೆ ಕೈ ಎತ್ತಬೇಕು. ಸಣ್ಣ ಮಕ್ಕಳು ಕೈ ಎತ್ತು ಅಂದ್ರೆ ಮೂಗಿಗೆ ಬೆರಳು ಹಾಕ್ಕೊಂಡು ಕೂತಿರ್ತವೆ. ಅದಕ್ಕೇ ಅವಕ್ಕೊಂದು ಆಟ ಕಲಿಸ್ತಾಳೆ. ಮರದ ಬಿಲ್ಲೆಯೊಂದನ್ನ ಕೆನ್ನೆಗೆ ಒತ್ತಿ ಹಿಡ್ಕೊಂಡಿರಬೇಕು, ಸದ್ದು ಕೇಳಿದ ಕೂಡ್ಲೇ ತಗಡಿನ ಡಬ್ಬಿಗೆ ಹಾಕಬೇಕು. ಟಣ್! ಊರಿನ ಅರ್ಧ ಮಕ್ಕಳಿಗೆ ಇವಳು 'ಬೀಪ್ ಆಂಟಿ'.

ಸಿನಿಮಾನ ಕಿವೀಲಿ ಯಾಕೆ ನೋಡ್ತೀಯಾ ತಾಯಿ ಅಂತ ನಾನು ಶುರುವಿನಲ್ಲೇ ಕೇಳಿದ್ದೆ.

"ಅತ್ತೆ, ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಏನಿದೆ? ಹೆದರಿಕೆ ಆದ್ರೆ ಮಗು ಕಣ್ಣು ಮುಚ್ಚುತ್ತೆ. ಕಿವಿ ಮುಚ್ಚೋಕೆ ಆಗಲ್ಲ."

"ಕೈ ಇದೆಯಲ್ಲೇ?"

"ಕೈ ಎತ್ತೋ ಹೊತ್ತಿಗೆ ಸದ್ದು ಒಳಗೆ ಹೋಗಿ ಕೂತಿರುತ್ತೆ."

ನನ್ನ ಬಾಯಿ ಮುಚ್ಚಿಸೋರು ಈ ಲೋಕದಲ್ಲಿ ಕಮ್ಮಿ. ಆವತ್ತು ಮುಚ್ಕೊಂಡೆ. ನಾನು ಹೊಲಿಗೆಯವಳು, ಹಳೇ ಪ್ಯಾಂಟಿಗೆ ಜಿಪ್ಪು ಹಾಕೋದು, ಉದ್ದ ಇದ್ದಿದ್ದನ್ನ ಗಿಡ್ಡ ಮಾಡೋದು. ನನ್ನ ಮಷೀನಿನ ಸದ್ದಿಗೇ ನನ್ನ ಕಿವಿ ಅರ್ಧ ಸವೆದಿದೆ. ಅವಳ ವಿದ್ಯೆ ಅವಳಿಗೆ.

ನಮ್ಮ ಕಟ್ಟಡದ ಅಪ್ಪ-ಅಮ್ಮಂದಿರ ಕಥೆ ಕೇಳಿ. ಕೆಳಗಿನ ಹಾಲಿನಲ್ಲಿ ತಿಂಗಳಿಗೊಂದು ಭಾನುವಾರ ಮಕ್ಕಳಿಗೆ ಸಿನಿಮಾ ಹಾಕ್ತಾರೆ. ಪರದೆ ಅಂದ್ರೆ ನಾನೇ ಅಂಚು ಹೊಲಿದುಕೊಟ್ಟ ಬಿಳೀ ಬೆಡ್‌ಶೀಟು. ಯಾವ ಸಿನಿಮಾ ಹಾಕೋದು ಅಂತ ವಾರವಿಡೀ ಮೊಬೈಲಲ್ಲಿ ಜಗಳ. ಎತ್ತು ಏರಿಗೆ, ಕೋಣ ನೀರಿಗೆ. ಈ ಸಲ ಅಂಗಡಿ ತುಂಬಾ ಆಟಿಕೆ ಬಂದಿತ್ತಲ್ಲ, 'ಕೀಲುವೀರ' ಅಂತ, ಕೈಕಾಲು ಎಲ್ಲಾ ಕಳಚಿ ಕಳಚಿ ಜೋಡಿಸೋ ಗೊಂಬೆ, ನೀಲಿ ಲೈಟಿನ ಕಣ್ಣು, ಅದರದ್ದೇ ಸಿನಿಮಾ. ಮೂರನೇ ಮಹಡಿಯ ಜಿಮ್ ಮಾಸ್ಟರ್ರು, "ಒಂದು ಹನಿ ರಕ್ತ ಇಲ್ಲ, ಎಲ್ಲಾ ಪ್ಲಾಸ್ಟಿಕ್ಕು, ಏನಾಗುತ್ತೆ?" ಅಂದ್ರು. ಕೇಕ್ ಮಾಡಿ ಮಾರೋ ಎದುರುಮನೆಯಾಕೆ, "ಅದು ಹೊಡೆದಾಟ ಅಲ್ಲ ರೀ, ಸಾಹಸ" ಅಂದ್ಲು. ಅಳಿಯ ಅಲ್ಲ, ಮಗಳ ಗಂಡ! ನನ್ನ ಕೇಳಿದ್ರೆ ಅದು ಸಿನಿಮಾನೇ ಅಲ್ಲ, ಟಿಕೆಟ್ ಇಟ್ಟು ತೋರಿಸೋ ಜಾಹೀರಾತು. ನನ್ನ ಯಾರು ಕೇಳ್ತಾರೆ? ಕೊನೆಗೆ ಎಲ್ಲರೂ ನಮ್ಮನೆ ಬಾಗಿಲಿಗೇ ಬಂದ್ರು. "ಬೀಪ್ ಆಂಟಿ ಒಂದು ಸಲ ಕೇಳಿ ಹೇಳಿಬಿಡಲಿ."

ಆ ವಾರ ಅವಳಿಗೆ ಸಿನಿಮಾ ಕೇಳೋ ಸ್ಥಿತಿಯೇ ಇರಲಿಲ್ಲ. ಮಂಗಳವಾರ ನಮ್ಮ ಬಟಾಣಿಯ ಆಪರೇಷನ್ನು.

ಬಟಾಣಿ ಅಂದ್ರೆ ನನ್ನ ಮೊಮ್ಮಗಳು, ಐದು ವರ್ಷ. ಹುಟ್ಟಿದಾಗ ಮುಖ ಅಷ್ಟು ಗುಂಡಗಿತ್ತು, ಹೆಸರು ಅಂಟ್ಕೊಂಡ್ಬಿಡ್ತು. ಹೋದ ಚಳಿಗಾಲದಿಂದ ಮಗೂಗೆ ನೆಗಡಿ ಮೇಲೆ ನೆಗಡಿ. ಕರೆದ್ರೆ ತಿರುಗೋದಿಲ್ಲ. ಟಿವಿ ಸದ್ದು ಜಾಸ್ತಿ ಮಾಡು ಅಂತ ಹಟ. 'ಸರಸರ' ಅನ್ನೋದನ್ನ 'ತರತರ' ಅನ್ನೋಕೆ ಶುರು ಮಾಡಿದಳು. ಶಾಲೆಯ ಟೀಚರ್ರು, "ಮೊಂಡು ಹುಡುಗಿ, ಹೇಳಿದ್ದು ಕೇಳೋದೇ ಇಲ್ಲ" ಅಂದ್ರು. ಕೇಳೋದೇ ಇಲ್ಲ ಅನ್ನೋದು ಅಕ್ಷರಶಃ ನಿಜ ಅಂತ ಯಾರಿಗೂ ಹೊಳೀಲಿಲ್ಲ. ಒಂದಿನ ನಾನು ದಾರ-ಗುಂಡಿ ತರೋಕೆ ಪೇಟೆಗೆ ಹೋಗಿದ್ದೆ, ಮಗೂನ ನೋಡ್ಕೊಳ್ಳೋರಿಲ್ಲದೆ ಸೊಸೆ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಳು. ಬಿಡುವಿದ್ದಾಗ ತಮಾಷೆಗೆ ಆ ಕೋಣೇಲಿ ಕೂರಿಸಿ, ಬಿಲ್ಲೆ ಕೊಟ್ಟು, ಬಟನ್ ಒತ್ತಿದಳು. ಬಿಲ್ಲೆ ಕೆನ್ನೆಯ ಹತ್ತಿರವೇ ಇತ್ತು. ಸದ್ದು ಏರಿಸಿದಳು. ಬಿಲ್ಲೆ ಕೆನ್ನೆಯ ಹತ್ತಿರವೇ ಇತ್ತು. ಮಗು ಗಾಜಿನಾಚೆಯಿಂದ ಅಮ್ಮನ ಮುಖಾನೇ ನೋಡ್ತಾ, ಆಟ ಯಾವಾಗ ಶುರುವಾಗುತ್ತೆ ಅಂತ ಕಾಯ್ತಾ ಇತ್ತಂತೆ.

ಅವತ್ತು ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಅಡುಗೆಮನೆ ನೆಲದ ಮೇಲೆ ಕೂತುಬಿಟ್ಟಳು. "ದೀಪದ ಕೆಳಗೇ ಕತ್ತಲು ಅತ್ತೆ. ಊರ ಮಕ್ಕಳ ಕಿವಿ ನೋಡ್ದೆ, ನನ್ನ ಮಗೂದು ನೋಡ್ಲಿಲ್ಲ" ಅಂತ ಅತ್ತಳು. ನಾನೂ ಜೊತೆಗೆ ಕೂತೆ.

ಡಾಕ್ಟರು ನೋಡಿದ್ರು. ಕಿವಿಯ ಒಳಗೆ, ತಮಟೆ ಹಿಂದೆ, ಗೋಂದಿನ ಹಾಗೆ ನೀರು ಕಟ್ಕೊಂಡಿದೆ. ತಮಟೆಗೆ ಒಂದು ಸಣ್ಣ ತೂತು ಮಾಡಿ, ಅಕ್ಕಿಕಾಳಿಗಿಂತ ಚಿಕ್ಕ ನಳಿಗೆ ಇಟ್ರೆ ಸರಿ ಹೋಗುತ್ತೆ. ಸ್ವಲ್ಪ ಹೊತ್ತಿನ ಕೆಲಸ, ಆದ್ರೆ ಪೂರ್ತಿ ನಿದ್ದೆ ಬರಿಸಬೇಕು ಅಂದ್ರು. ಇನ್ನೊಂದು ಮಾತೂ ಹೇಳಿದ್ರು. ಮಗು ಅಳದೆ ಒಳಗೆ ಬರಬೇಕು. ಅತ್ತು ಅತ್ತು ಮೂಗು ಕಟ್ಟಿಸಿಕೊಂಡು ಬಂದ್ರೆ ನಿದ್ದೆಮದ್ದು ಕೊಡೋಕಾಗಲ್ಲ, ಮುಂದಿನ ತಾರೀಕು ಇನ್ನು ತಿಂಗಳುಗಟ್ಟಲೆ ಆಚೆ. ಅಷ್ಟರಲ್ಲಿ ಮಾತು ಇನ್ನೂ ತೊದಲುತ್ತೆ, ಒಮ್ಮೆ ಹಾಗೆ ಕೂತ ನಾಲಿಗೆ ತಿದ್ದೋದು ಕಷ್ಟ ಅಂತ ನನ್ನ ಸೊಸೆಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳಿಗೆ ಎಲ್ಲಾ ಗೊತ್ತು. ಗೊತ್ತಿರೋದೇ ಅವಳ ಗ್ರಹಚಾರ. ನನಗಾದ್ರೆ ದೇವರಿದ್ದಾನೆ ಅಂತ ಮಲಗಿಬಿಡಬಹುದು. ಅವಳು ಮಗು ಉಸಿರಾಡೋದನ್ನ ಕೇಳ್ತಾ ಕೂತಿರ್ತಿದ್ದಳು.

ಮಗೂಗೆ ಆಪರೇಷನ್ ಅಂದ್ರೇನು ಅಂತ ಹೇಳಿದ್ದು ನನ್ನ ಮಗ. ಅವನು ಫ್ರಿಜ್ ರಿಪೇರಿಯವನು. "ನೋಡು ಬಟಾಣಿ, ಫ್ರಿಜ್ ರಿಪೇರಿ ಮಾಡೋವಾಗ ಅಪ್ಪ ಮೊದಲು ಏನು ಮಾಡ್ತೀನಿ? ಕರೆಂಟ್ ಆಫ್ ಮಾಡ್ತೀನಿ. ಹಾಗೇ ಡಾಕ್ಟರ್ ನಿನ್ನ ಸ್ವಲ್ಪ ಹೊತ್ತು ಆಫ್ ಮಾಡ್ತಾರೆ, ಕಿವಿ ರಿಪೇರಿ ಮಾಡ್ತಾರೆ, ಆಮೇಲೆ ಆನ್ ಮಾಡ್ತಾರೆ" ಅಂತ ಕಿವಿಯ ಹತ್ತಿರ ಬಾಯಿಟ್ಟು ಜೋರಾಗಿ ಹೇಳಿದ. ಮಗು ಕಿಲಕಿಲ ನಕ್ಕಿತು. "ಒಳಗೆ ಲೈಟ್ ಬರುತ್ತಾ?" ಅಂತು. ಎಲ್ಲರೂ ನಕ್ಕೆವು. ಪರವಾಗಿಲ್ಲ, ನನ್ನ ಮಗನಿಗೂ ಒಂದು ಬುದ್ಧಿ ಇದೆ ಅಂದ್ಕೊಂಡೆ.

ಶನಿವಾರ ಸೊಸೆ ಕೀಲುವೀರನನ್ನ ಕೇಳಿದಳು. ಸ್ವಲ್ಪ ಹೊತ್ತು ಚಿಂತೆ ಮರೀಲಿ ಅಂತ ನಾನೂ ಬೇಡ ಅನ್ನಲಿಲ್ಲ. ಮುಗಿದ ಮೇಲೆ ಅವಳ ಮುಖ ಎಷ್ಟೋ ದಿನದ ಮೇಲೆ ತಿಳಿಯಾಗಿತ್ತು. "ಪಾಸ್. ಸದ್ದು ಹದವಾಗಿದೆ. ಮಧ್ಯ ಒಂದು ಕಡೆ ಚೆನ್ನಾಗಿ ಮೌನ ಇಟ್ಟಿದ್ದಾರೆ, ಮಕ್ಕಳ ಕಿವಿಗೆ ವಿಶ್ರಾಂತಿ. ಆಮೇಲೆ ಅವನ ಗೆಳೆಯ ಮೆಲ್ಲಗೆ ಕರೀತಾನೆ, ಅವನು ನಗ್ತಾನೆ. ಮುದ್ದಾಗಿದೆ. ಬಟಾಣಿನೂ ಹೋಗಲಿ, ಪಾಪ, ಮಂಗಳವಾರದ ತನಕ ಮನೇಲಿ ಕೂತು ಏನು ಮಾಡ್ತಾಳೆ?"

ಭಾನುವಾರ ಅವಳಿಗೆ ಆಸ್ಪತ್ರೇಲಿ ಡ್ಯೂಟಿ. ಮಗೂನ ಕರ್ಕೊಂಡು ಕೆಳಗೆ ಸಿನಿಮಾಗೆ ಹೋದವಳು ನಾನು.

ಶುರುವಿನಲ್ಲಿ ಎಲ್ಲಾ ಸರಿಯಿತ್ತು. ಬಾಂಬು ಬಿದ್ದಾಗ ಬೇರೆ ಮಕ್ಕಳು ಕಿವಿ ಮುಚ್ಕೊಂಡ್ವು, ನಮ್ಮದು ಕದಲಲಿಲ್ಲ. "ಏನು ಧೈರ್ಯ ನಿಮ್ಮ ಮೊಮ್ಮಗಳಿಗೆ!" ಅಂದ್ರು ಜಿಮ್ ಮಾಸ್ಟರ್ರು. ಧೈರ್ಯವಂತೆ! ಕೇಳಿಸಿದ್ರೆ ತಾನೇ ಹೆದರೋದು ಅಂತ ನಾಲಿಗೆ ತುದಿಗೆ ಬಂತು, ನುಂಗ್ಕೊಂಡೆ. ಆಮೇಲೆ ಅವಳು ಹೇಳಿದ್ದ ಆ ಮೌನ ಬಂತು. ಕೀಲುವೀರನ್ನ ಮೇಜಿನ ಮೇಲೆ ಮಲಗಿಸಿದ್ದಾರೆ. ಮೇಲೆ ಗುಂಡನೆಯ ದೀಪ. ಕೈಗವಸು ಹಾಕಿದ ಕೈಗಳು ಅವನ ತಲೆಯ ಪಕ್ಕ ಒಂದು ಮುಚ್ಚಳ ತೆಗೀತವೆ. ಅವನ ನೀಲಿ ಕಣ್ಣು ಮಂಕಾಗಿ, ಮಂಕಾಗಿ, ಆರಿಹೋಯ್ತು. ಮತ್ತೆ ಕಣ್ಣು ಹತ್ತಿತು. ಕೆಂಪು. ಅವನ ಪುಟ್ಟ ಗೆಳೆಯ, ಸುರುಳಿ ಅಂತ ಒಂದು ಸ್ಪ್ರಿಂಗು, ಓಡಿ ಬಂದು ತಬ್ಬಿಕೊಂಡ್ರೆ ಇವನು ಯಾರೋ ಅನ್ನೋ ಹಾಗೆ ದೂಡಿಬಿಟ್ಟ. ನನ್ನ ತೊಡೆ ಮೇಲಿದ್ದ ಮಗು ನನ್ನ ಬೆರಳನ್ನ ಹಿಂಡಿತು.

ಮನೆಗೆ ಬಂದ ಮೇಲೆ ಮಾತಿಲ್ಲ, ಕಥೆಯಿಲ್ಲ. ಊಟ ತಟ್ಟೇಲೇ ಉಳೀತು. ಸೋಮವಾರ ಮಧ್ಯಾಹ್ನ ನೋಡ್ತೀನಿ, ನನ್ನ ಮಷೀನಿನ ಡ್ರಾಯರಿಂದ ಕೈಗನ್ನಡಿ ತಗೊಂಡು, ರೆಪ್ಪೆ ಎಳೆದು ಎಳೆದು ಕಣ್ಣು ನೋಡ್ಕೊಳ್ತಾ ಇದ್ದಾಳೆ.

"ಅಜ್ಜಿ, ನನ್ನ ಕಣ್ಣು ಯಾವ ಬಣ್ಣ?"

"ಕಪ್ಪು, ಕಾಡಿಗೆ ಹಾಗೆ!" ಅಂತ ಕೂಗಿ ಹೇಳಿದೆ.

"ನಾಳೆ?"

ನಾನು ಉತ್ತರ ಕೊಡೋ ಮೊದಲೇ ಮಗು ಕನ್ನಡಿ ಬಿಸಾಕಿ ಅಳೋಕೆ ಶುರು ಮಾಡಿತು. "ನಾನು ಹೋಗಲ್ಲ. ನನ್ನ ಆಫ್ ಮಾಡ್ಬೇಡಿ. ಆನ್ ಮಾಡಿದ್ರೆ ನಂಗೆ ಅಮ್ಮ ಯಾರು ಅಂತ ಗೊತ್ತಾಗಲ್ಲ. ಅಮ್ಮನ್ನ ದೂಡಿಬಿಡ್ತೀನಿ." ಅಳಬಾರದು ಅಂದಿದ್ದಾರೆ ಡಾಕ್ಟರು! ಮೂಗು ಆಗಲೇ ಸೊರಸೊರ ಅಂತಿದೆ. ಎತ್ಕೊಂಡೆ, ತಟ್ಟಿದೆ, ಗದರಿದೆ, ಮುದ್ದು ಮಾಡಿದೆ. ಊಹೂಂ. ಸೊಸೆಗೆ ಫೋನ್ ಮಾಡಿ, ಇದ್ದ ಹಾಗೇ ಬಾ ಅಂದೆ.

ಬಂದವಳಿಗೆ ನಂಬಿಕೆಯೇ ಬರಲಿಲ್ಲ. "ಅಂಥದ್ದೇನಿಲ್ಲ ಅತ್ತೆ ಅದರಲ್ಲಿ! ನಾನೇ ಕೇಳಿದ್ದೀನಿ. ಸುರುಳಿ ಕರೀತಾನೆ, ಇವನಿಗೆ ನೆನಪಾಗುತ್ತೆ, ನಗ್ತಾನೆ."

"ನೆನಪಾಯ್ತಾ? ಯಾವಾಗ ಆಯ್ತು? ಕಣ್ಣು ಕೊನೇ ತನಕ ಕೆಂಪಗೇ ಇತ್ತಲ್ಲೇ!"

"ಯಾವ ಕಣ್ಣು?" ಅಂದ್ಲು ಅವಳು.

ಮತ್ತೆ ಟಿವಿ ಹಾಕಿದಳು. ಈ ಸಲ ಹೆಡ್‌ಫೋನ್ ಮುಟ್ಟಲಿಲ್ಲ. ರಿಮೋಟ್ ಹಿಡಿದು ಸದ್ದನ್ನ ಪೂರ್ತಿ ತೆಗೆದುಬಿಟ್ಟಳು. ಕಣ್ಣು ಬಿಟ್ಕೊಂಡು, ಪರದೆಗೆ ಮೂಗು ತಾಗೋ ಹಾಗೆ ಕೂತು ನೋಡಿದಳು. ಮೇಜು ಬಂತು, ದೀಪ ಬಂತು, ನೀಲಿ ಕಣ್ಣು ಆರಿತು, ಕೆಂಪು ಕಣ್ಣು ಹತ್ತಿತು, ಗೆಳೆಯನ್ನ ದೂಡಿದ. ಆಮೇಲೆ ಸುರುಳಿ ಅವನ ಬೆನ್ನ ಹಿಂದೆ ಹೋಗಿ ಕಿವೀಲಿ ಏನೋ ಅಂದ. ಏನಂದ ಅಂತ ನೋಡಿದ್ರೆ ಗೊತ್ತಾಗಲ್ಲ. ಕೀಲುವೀರನದ್ದು ಪ್ಲಾಸ್ಟಿಕ್ ಮುಖ, ಬಾಯಿಯೇ ಇಲ್ಲ, ನಕ್ಕರೂ ಅಷ್ಟೇ, ಅತ್ತರೂ ಅಷ್ಟೇ. ನೆನಪು ಬಂದಿದ್ದೆಲ್ಲಾ ಆ ಪಿಸುಮಾತಲ್ಲಿ. ಮುಂದಿನ ದೃಶ್ಯದಲ್ಲಿ ಕೆಂಪು ಕಣ್ಣಿನವನು ಹೊಡೆದಾಟಕ್ಕೆ ಹೊರಟ. ಯಾಕೆ ಕೆಂಪು ಅಂದ್ರೆ, ಮುಂದಿನ ವಾರ ಅಂಗಡಿಗೆ ಕೆಂಪು ಕಣ್ಣಿನ ಗೊಂಬೆ ಬರುತ್ತೆ, ನೀಲಿ ತಗೊಂಡ ಮಕ್ಕಳೆಲ್ಲಾ ಅದನ್ನೂ ತಗೋಬೇಕು. ಅವರ ಮನೆ ಹಾಳಾಗ!

"ಅತ್ತೆ, ನಾನು ಪಾಸ್ ಮಾಡಿದ್ದು ಬೇರೆ ಸಿನಿಮಾ. ಇವಳು ನೋಡಿದ್ದು ಬೇರೆ ಸಿನಿಮಾ" ಅಂದ್ಲು. ರಿಮೋಟ್ ಕೆಳಗಿಟ್ಟಳು. "ನಂಗೆ ವಾಸಿಯಾಗಿದ್ದು ಮಾತ್ರ ಕೇಳಿಸ್ತು. ಇವಳಿಗೆ ಗಾಯ ಮಾತ್ರ ಕಾಣಿಸ್ತು. ಇದೂ ತಿಳೀಲಿಲ್ಲವಲ್ಲ ನಂಗೆ. ಎಂಥ ಅಮ್ಮ ನಾನು?"

ನನಗೆ ರೇಗಿಹೋಯ್ತು. "ಎಂಥ ಅಮ್ಮ ಅಂತ ಆಮೇಲೆ ಕೂತ್ಕೊಂಡು ಲೆಕ್ಕ ಹಾಕುವಂತೆ. ನಾಳೆ ಬೆಳಿಗ್ಗೆ ಮಗು ಅಳದೆ ಒಳಗೆ ಹೋಗಬೇಕು. ಅದಕ್ಕೇನು ಮಾಡ್ತೀಯಾ ಹೇಳು!" ಗದರಿದ್ದೇನೋ ನಿಜ, ಆದ್ರೆ ಅವಳ ಬೆನ್ನ ಮೇಲೆ ಕೈ ಇಟ್ಟೇ ಗದರಿದೆ.

ಅವಳು ಕಣ್ಣೊರೆಸ್ಕೊಂಡು ಮಗೂನ ತೊಡೆ ಮೇಲೆ ಕೂರಿಸ್ಕೊಂಡಳು. ಏನೂ ಆಗಲ್ಲ ಕಂದಾ ಅಂತ ಸುಳ್ಳು ಸಮಾಧಾನ ಹೇಳಲಿಲ್ಲ. ಕಿವಿಗೆ ಬಾಯಿ ಹಚ್ಚಿ ನಿಧಾನವಾಗಿ ಹೇಳಿದಳು. "ಸುರುಳಿ ಅವನನ್ನ ಕರೆದ ಬಟಾಣಿ. ಹೆಸರು ಹಿಡಿದು ಕರೆದ. ಆಗ ಅವನಿಗೆ ಎಲ್ಲಾ ನೆನಪಾಯ್ತು. ನಿಂಗೆ ಅದು ಕೇಳಿಸಲಿಲ್ಲ, ಅಷ್ಟೇ."

ಮಗು ಅಮ್ಮನ ತುಟಿಯನ್ನೇ ನೋಡಿತು. ಆಮೇಲೆ ಕೇಳಿತು: "ನೀನು ಕರೆದಾಗ್ಲೂ ನಂಗೆ ಕೇಳಿಸದೇ ಇದ್ರೆ?"

ನಾನು ಕಿಟಕಿ ಕಡೆ ತಿರುಗಿಬಿಟ್ಟೆ.

"ಕೇಳಿಸೋ ತನಕ ಕರೀತೀನಿ" ಅಂದ್ಲು ಸೊಸೆ.

"ಕೇಳಿಸ್ತು ಅಂತ ನಿಂಗೆ ಹೇಗೆ ಗೊತ್ತಾಗುತ್ತೆ?"

ಅವಳು ಎದ್ದು ಹೋಗಿ ತನ್ನ ಬ್ಯಾಗಿಂದ ಒಂದು ಮರದ ಬಿಲ್ಲೆ ತಂದಳು. ನಾನು ಗುಂಡಿ ಇಡೋ ತಗಡಿನ ಡಬ್ಬಿ ಖಾಲಿ ಮಾಡಿಕೊಟ್ಟೆ. ಮಗು ಬಿಲ್ಲೆಯನ್ನ ತಿರುಗಿಸಿ ಮುರುಗಿಸಿ ನೋಡಿ, "ಅಜ್ಜಿ ಡಬ್ಬಿ ಹಿಡ್ಕೋಬೇಕು" ಅಂತ ಅಪ್ಪಣೆ ಕೊಟ್ಟಿತು. ಅಳು ನಿಂತಿತ್ತು.

ಮಂಗಳವಾರ ಬೆಳಿಗ್ಗೆ ನೀಲಿ ಬಾಗಿಲಿನ ತನಕ ಬಿಲ್ಲೆ ಅವಳ ಮುಷ್ಟಿಯಲ್ಲೇ ಇತ್ತು. ಅಲ್ಲಿ ಅದನ್ನ ಅಮ್ಮನ ಕೈಗೆ ಕೊಟ್ಟು, ಕಣ್ಣರಳಿಸಿ ತೋರಿಸಿದಳು. "ಸರಿಯಾಗಿ ನೋಡ್ಕೋ, ಕಪ್ಪು" ಅಂದ್ಲು. ಅಳಲಿಲ್ಲ. ನರ್ಸಮ್ಮನ ಕೈ ಹಿಡ್ಕೊಂಡು ಒಳಗೆ ಹೋದಳು.

ನಾವು ಮೂವರೂ ಹೊರಗೆ. ನನ್ನ ಮಗ ಗೋಡೆ ಪಕ್ಕದ ನೀರಿನ ಕೂಲರ್ ಸರಿಯಾಗಿ ಓಡ್ತಿಲ್ಲ ಅಂತ ಅದರ ಹಿಂದೆ ಬಗ್ಗಿ ಬಗ್ಗಿ ನೋಡ್ತಿದ್ದ. ಕಣ್ಣು ಒರೆಸ್ಕೊಳ್ಳೋಕೆ ಜಾಗ ಬೇಕಲ್ಲ ಅವನಿಗೆ. ಸೊಸೆ ಬಿಲ್ಲೆ ಹಿಡಿದು ಕೂತಿದ್ದಳು. ಆ ಬಾಗಿಲಾಚೆ ಏನೇನು ಮಾಡ್ತಾರೆ, ಯಾವಾಗ ಮಾಡ್ತಾರೆ, ಎಲ್ಲಾ ಅವಳಿಗೆ ತಿಳಿದದ್ದೇ. ಬಾಗಿಲು ಕಿರ್ ಅಂದಾಗಲೆಲ್ಲಾ ಎದ್ದು ನಿಲ್ಲೋಳು. ನಾನು ಡಬ್ಬಿ ತೊಡೆ ಮೇಲಿಟ್ಕೊಂಡು ಕೂತಿದ್ದೆ.

ಕೊನೆಗೂ ಕರೆದರು. ಎಲ್ಲಾ ಚೆನ್ನಾಗಾಯ್ತು, ಈಗ ಏಳ್ತಾಳೆ ಅಂದ್ರು. ಎದ್ದಳು. ಏಳೋದು ಅಂದ್ರೆ ಹಾಗಾ? ಕೈಕಾಲು ಬಡಿದು ಚೀರೋಕೆ ಶುರು ಮಾಡಿದಳು. ಅತ್ತು ಅತ್ತು ಕಣ್ಣು ಕೆಂಪಗೆ ಕೆಂಡ. ಅಯ್ಯೋ, ಆ ಹಾಳು ಗೊಂಬೆ ನನಗೇ ನೆನಪಾಯ್ತು! ಸೊಸೆ ತಬ್ಬಿಕೊಳ್ಳೋಕೆ ಹೋದ್ರೆ ಎರಡೂ ಕೈಯಲ್ಲಿ ದೂಡಿಬಿಟ್ಟಳು. ಮುಖ ನೋಡ್ತಾಳೆ, ಗುರುತಿಲ್ಲ. "ಮದ್ದಿನ ಮಂಪರು, ಸುಮಾರು ಮಕ್ಕಳು ಹೀಗೇ ಮಾಡ್ತಾವೆ" ಅಂದ್ರು ನರ್ಸಮ್ಮ. ಸೊಸೆಗೆ ಅದು ಗೊತ್ತಿಲ್ಲದ್ದಾ? ಗೊತ್ತಿದ್ದೂ ಅವಳ ತುಟಿ ಬಿಳಚಿಕೊಂಡಿತ್ತು. "ಬಟಾಣಿ, ಅಮ್ಮ ಕಣೇ" ಅಂದ್ಲು. ಚೀರಾಟ. "ಬಟಾಣಿ, ಇಲ್ಲಿ ನೋಡು." ಚೀರಾಟ.

ಆಗ ಅವಳು ಬಿಲ್ಲೆಯನ್ನ ಮಗುವಿನ ಮುಷ್ಟಿಯೊಳಗೆ ತುರುಕಿ, ಮಂಚದ ತಲೆ ಕಡೆಗೆ, ಹಿಂದಕ್ಕೆ ಹೋದಳು. ಮಗೂಗೆ ಕಾಣದ ಹಾಗೆ ನಿಂತಳು. ಅದೂ ಸಾಲದು ಅಂತ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಅವರ ಪರೀಕ್ಷೇಲಿ ಹಾಗೇ ಅಂತೆ. 'ಬ' ಅನ್ನೋವಾಗ ತುಟಿ ಕೂಡುತ್ತಲ್ಲ, ಕೇಳಿಸದ ಮಕ್ಕಳು ಅದನ್ನ ನೋಡಿಯೇ ಹೇಳಿಬಿಡ್ತವೆ. ನನಗೆ ತಡೆಯೋಕಾಗಲಿಲ್ಲ. "ಜೋರಾಗಿ ಕರಿಯೇ! ಮಗೂಗೆ ಕೇಳಲ್ಲ!" ಅಂದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಅಂಗೈ ಹಿಂದೆ ಏನೋ ಪಿಸುಗುಟ್ಟಿದಳು. ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ.

ಚೀರಾಟ ನಿಂತಿತು. ಮಗು ಬಿಕ್ಕುತ್ತಾ ಸೂರಿನ ಕಡೆ ನೋಡಿತು. ಮತ್ತೊಮ್ಮೆ ಪಿಸುಗುಟ್ಟಿದಳು. ಪುಟ್ಟ ಮುಷ್ಟಿ ಹಾಸಿಗೆ ಮೇಲೆ ಏನನ್ನೋ ಹುಡುಕಿತು. ನಾನು ಬಡಬಡ ಡಬ್ಬಿಯನ್ನ ಮುಂದಕ್ಕೆ ಹಿಡಿದೆ.

ಟಣ್.

"ಕೂಗ್ಬೇಡ ಅಮ್ಮಾ," ಅಂತು ಮಗು, ಎರಡೂ ಕಿವಿಯ ಮೇಲೆ ಕೈ ಇಟ್ಕೊಂಡು. "ಕೇಳಿಸ್ತು."

ಸೊಸೆ ಅಂಗೈಯನ್ನ ಬಾಯಿಂದ ತೆಗೀಲೇ ಇಲ್ಲ, ಹಾಗೇ ಮಂಚದ ಕಂಬಿ ಹಿಡ್ಕೊಂಡು ಕುಸಿದು ಕೂತಳು. ನಿಜವಾಗ್ಲೂ ಕೂಗಿದವಳು ನಾನು. ಎಷ್ಟು ಜೋರಾಗಿ ಅಂದ್ರೆ, ನರ್ಸಮ್ಮ ಬಂದು ನನ್ನ, ನನ್ನ ಡಬ್ಬೀನ, ಇಬ್ಬರನ್ನೂ ಆಚೆ ಕಳಿಸಿದರು.